ಮುಧೋಳವೋ, ಬೀದಿಯಿಂದ ಬಂದದ್ದೋ?

ದಾವಣಗೆರೆಯ ಆಶ್ರಯಧಾಮದಲ್ಲಿ ನಿಮಗೆ ಎರಡು ನಾಯಿ ಹಿಡಿಸಿವೆ: ಚುರುಕಿನ ಮುಧೋಳ, ಬೀದಿಯಿಂದ ಬಂದ ಕಂದು ಹೆಣ್ಣುನಾಯಿ. ಯಾವುದನ್ನು ತರಲಿ ಎಂದು ಕೇಳಿದ್ದೀರಿ.

ಮೊದಲು ಓಟದ ಮಾತು. ಮುಧೋಳ ಕಣ್ಣಿನಿಂದ ಬೇಟೆ ಗುರುತಿಸುವ ತಳಿ. ಬೆಕ್ಕು, ಕೋಳಿ, ಏನೇ ಓಡಿದರೂ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಕುಂದವಾಡ ಕೆರೆಯ ಬಳಿ ವಾಯುವಿಹಾರ ಮಾಡಿಸಿದರಷ್ಟೇ ಸಾಲದು. ಬೇಲಿಯಿರುವ ಬಯಲಿನಲ್ಲಿ ಬಿಟ್ಟು ಓಡಿಸಬೇಕು. ಅದರ ತಲೆ ಬೇರೆ ಕಿರಿದು. ಮಾಮೂಲಿ ಕೊರಳಪಟ್ಟಿ ಹಾಕಿದರೆ ಎರಡು ಹೆಜ್ಜೆ ಹಿಂದಿಟ್ಟು, ಕಿವಿ ಮಡಚಿ, ಸರಕ್ಕನೆ ಕಳಚಿಕೊಳ್ಳುತ್ತದೆ. ಖಾಲಿ ಪಟ್ಟಿ ಹಿಡಿದು ರಸ್ತೆಯಲ್ಲಿ ನಿಂತ ಅನುಭವ ನನಗಿದೆ, ಎದೆಪಟ್ಟಿಯನ್ನೇ ಕೊಳ್ಳಿ. ಬೀದಿಯಿಂದ ಬಂದದ್ದಕ್ಕೆ ಸಾಮಾನ್ಯವಾಗಿ ಬೆಳಗ್ಗೆ, ಸಂಜೆ ನಡಿಗೆ, ಮೂಸಲು ನಾಲ್ಕು ಕಂಬ ಸಾಕು.

ಖರ್ಚಿನಲ್ಲಿ ದೊಡ್ಡ ಅಂತರವಿಲ್ಲ. ರೇಬೀಸ್ ಲಸಿಕೆ, ಜಂತುಹುಳುವಿನ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ ಎರಡಕ್ಕೂ ಬೇಕು. ಬೆಣ್ಣೆ ದೋಸೆ ಎರಡಕ್ಕೂ ಬೇಡ! ಮುಧೋಳದ ಮೈಯಲ್ಲಿ ಕೊಬ್ಬು ಕಡಿಮೆ, ಬರಿನೆಲದಲ್ಲಿ ಮಲಗಿದರೆ ಮೊಣಕೈ ಜಡ್ಡುಗಟ್ಟುತ್ತದೆ. ದಪ್ಪ ಹಾಸಿಗೆ ಕೊಡಿ.

2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಎಂಬ ಹೆಮ್ಮೆಗೆ ಮಾತ್ರ ಮುಧೋಳ ತರಬೇಡಿ. ಊರಾಚೆ ತೋಟವಿದ್ದು, ಎತ್ತರದ ಕಾಂಪೌಂಡಿದ್ದು, ನಸುಕಿನಲ್ಲಿ ಓಡುವವರು ಮನೆಯಲ್ಲಿದ್ದರೆ ಅದೇ ಸರಿ. ಬಾಡಿಗೆಯ ಮೊದಲ ಮಹಡಿ, ಮನೆಯಲ್ಲೊಂದು ಬೆಕ್ಕು, ಹಗ್ಗ ಹಿಡಿಯುವವರು ಅಜ್ಜಿ ಎಂದಾದರೆ ನನ್ನ ಒಲವು ಕಂದು ನಾಯಿಯ ಕಡೆಗೆ. ಆದರೂ ಸ್ವಭಾವ ನಾಯಿಯಿಂದ ನಾಯಿಗೆ ಬೇರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಎರಡನ್ನೂ ಅರ್ಧರ್ಧ ಗಂಟೆ ನೀವೇ ನಡೆಸಿ ನೋಡಿ, ಅಜ್ಜಿಯನ್ನೂ ಕರೆದುಕೊಂಡು ಹೋಗಿ.