ಕಾಲಿಲ್ಲದ ಟೆಲಿಫೋಟೋ ಲೆನ್ಸ್ ಕೊಳ್ಳಬೇಡಿ

ಹಕ್ಕಿಗಳ ಚಿತ್ರ ತೆಗೆಯಲು ಈಗಷ್ಟೇ ಹೊರಟವರು, ಅದರಲ್ಲೂ ಯಾರೋ ಬಳಸಿದ 150-600 ಮಿ.ಮೀ. ಜೂಮ್ ಲೆನ್ಸ್ ಕಡಿಮೆ ಬೆಲೆಗೆ ಸಿಗುತ್ತಿದೆ ಎಂದು ಹಣ ಹೊಂದಿಸುತ್ತಿರುವವರು, ದಯವಿಟ್ಟು ಇದನ್ನು ಓದಿಕೊಂಡು ಅಂಗಡಿಗೆ ಹೋಗಿ. ಅಷ್ಟು ಭಾರದ ಲೆನ್ಸಿನ ನಡುವೆ ಬಳೆಯಂಥ ಒಂದು ಕಾಲರ್ ಇರಬೇಕು. ಅದರ ಅಡಿಯಲ್ಲಿ ಟ್ರೈಪಾಡಿಗೆ ಕೂರಿಸುವ ಕಾಲು ಇರಬೇಕು. ಅವೆರಡೂ ಇಲ್ಲದ ಲೆನ್ಸನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ನನ್ನ ಮಗಳ ಕ್ಯಾಮೆರಾ, ಲೆನ್ಸ್ ಎರಡೂ ಹಾಳಾದದ್ದು ಆ ಸಣ್ಣ ಲೋಹದ ತುಂಡು ಇಲ್ಲದೆ.

ಮಗಳಿಗೆ ಕಾಲೇಜಿನ ಗೆಳತಿಯರ ಜೊತೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗಿ ಹಕ್ಕಿ ನೋಡುವ ಅಭ್ಯಾಸ. ಹೆಜ್ಜಾರ್ಲೆ, ಹಾವಕ್ಕಿ, ಬಣ್ಣದ ಕೊಕ್ಕರೆಗಳನ್ನು ಗುರುತಿಸಿ ಪುಸ್ತಕದಲ್ಲಿ ಬರೆದಿಡುತ್ತಾಳೆ. ಅವಳ ಕ್ಯಾಮೆರಾದ ಜೊತೆ ಬಂದಿದ್ದ ಚಿಕ್ಕ ಲೆನ್ಸಿನಲ್ಲಿ ನಡುಗಡ್ಡೆಯ ಮರದ ಮೇಲಿನ ಹಕ್ಕಿ ಬರಿಯ ಚುಕ್ಕೆಯಾಗಿ ಕಾಣುತ್ತಿತ್ತು. ಹೊಸ ಲೆನ್ಸಿನ ಬೆಲೆ ನಮ್ಮ ಕೈಗೆಟುಕುವಂತಿರಲಿಲ್ಲ. ಬೆಂಗಳೂರಿನಲ್ಲಿ ಬಳಸಿದ ಕ್ಯಾಮೆರಾ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಬೇಕಾದದ್ದು ಸಿಕ್ಕಿತು. ಗಾಜು ಶುಭ್ರವಾಗಿತ್ತು, ಫಂಗಸ್ ಇರಲಿಲ್ಲ, ಫೋಕಸ್ ಚುರುಕಾಗಿತ್ತು. ಕಾಲರ್ ಮಾತ್ರ ಇರಲಿಲ್ಲ.

ಮಗಳು ಅದನ್ನು ಕೇಳಿಯೇ ಕೇಳಿದಳು. ಈಗಿನ ಕ್ಯಾಮೆರಾಗಳ ಬಾಡಿ ಗಟ್ಟಿಯಾಗಿರುತ್ತದೆ, ಅದರ ತಳದಲ್ಲೇ ಟ್ರೈಪಾಡಿಗೆ ತಿರುಗಿಸಿ ಹಾಕಿಕೊಳ್ಳಬಹುದು, ಎಷ್ಟೋ ಜನ ಹಾಗೆಯೇ ಬಳಸುತ್ತಿದ್ದಾರೆ ಎಂದು ಅಂಗಡಿಯವರು ಧೈರ್ಯ ಹೇಳಿದರು. ಜೊತೆಗೆ ಒಂದು ಹಗುರವಾದ ಅಲ್ಯೂಮಿನಿಯಂ ಟ್ರೈಪಾಡ್ ಸೇರಿಸಿ ಒಟ್ಟು ಬೆಲೆ ಮಾಡಿದರು. ಅದರ ಪೆಟ್ಟಿಗೆಯ ಮೇಲೆ 8 ಕಿಲೋ ಹೊರುತ್ತದೆ ಎಂದು ಅಚ್ಚಾಗಿತ್ತು. ಲೆನ್ಸ್, ಕ್ಯಾಮೆರಾ ಸೇರಿ ಮೂರು ಕಿಲೋ ಕೂಡ ಆಗುವುದಿಲ್ಲ, ಇನ್ನೇನು ಭಯ ಎಂದರು. ವ್ಯಾಪಾರ ಗೊತ್ತಿರುವವರ ಬಾಯಲ್ಲಿ ಬಂದ ಮಾತು ಅದು. ಅವರಿಗೆ ತಿಳಿಯದೆ ಇದ್ದಿರಲಾರದು ಎಂದೇ ಈಗಲೂ ನನ್ನ ಸಿಟ್ಟು.

ಕೆರೆಯ ಏರಿಯ ಮೇಲೆ ಬೆಳಗ್ಗೆ ಟ್ರೈಪಾಡ್ ನಿಲ್ಲಿಸಿ, ಬಾಲ್ ಹೆಡ್‌ನ (ಟ್ರೈಪಾಡಿನ ತುದಿಯಲ್ಲಿ ಕ್ಯಾಮೆರಾ ಕೂರಿಸುವ, ಒಳಗೊಂದು ಗುಂಡಿನ ಮೇಲೆ ತಿರುಗುವ ತಲೆ) ತಿರುಪನ್ನು ಬಿಗಿ ಮಾಡಿ, ಜೂಮನ್ನು 600ಕ್ಕೆ ಚಾಚಿ, ಕಂಡ ಹಕ್ಕಿಯ ಹೆಸರು ಬರೆದುಕೊಳ್ಳಲು ಮಗಳು ಕೈ ಬಿಟ್ಟಳು. ಲೆನ್ಸಿನ ಮೂತಿ ಮೊದಲು ನಿಧಾನವಾಗಿ ಕೆಳಗೆ ಜಾರಿತು. ಅವಳು ಕೈ ಚಾಚುವಷ್ಟರಲ್ಲಿ ಇಡೀ ಟ್ರೈಪಾಡ್ ಮುಂದಕ್ಕೆ ಮಗುಚಿ ಲೆನ್ಸ್ ಕಲ್ಲಿಗೆ ಬಡಿಯಿತು. ಮುಂದಿನ ಗಾಜಿಗೆ ಏನೂ ಆಗಲಿಲ್ಲ, ಮೂತಿಗೆ ಹಾಕುವ ನೆರಳಿನ ಕೊಳವೆ, ಅಂದರೆ ಹುಡ್, ಒಡೆದು ಪೆಟ್ಟನ್ನು ಹೊತ್ತಿತ್ತು. ಆದರೆ ಲೆನ್ಸ್ ಸಿಕ್ಕಿಸುವ ಕ್ಯಾಮೆರಾದ ಮೌಂಟ್ ಉಂಗುರ ಸೊಟ್ಟಗಾಗಿ, ಲೆನ್ಸಿನ ಹಿಂದಿನ ಉಂಗುರದ ತಿರುಪುಗಳು ಕಿತ್ತು ಬಂದಿದ್ದವು. ಸರ್ವಿಸ್ ಸೆಂಟರಿನವರು ಎರಡನ್ನೂ ಸರಿ ಮಾಡಲು ಹೇಳಿದ ಮೊತ್ತ, ಲೆನ್ಸಿಗೆ ನಾವು ಕೊಟ್ಟದ್ದರ ಅರ್ಧಕ್ಕಿಂತ ಹೆಚ್ಚು. ಲೆನ್ಸಿನ ಒಳಗಿನ ಗಾಜುಗಳೂ ಜಾಗ ತಪ್ಪಿವೆ, ಚಿತ್ರದ ಬಲಭಾಗ ಮಸುಕಾಗಿಯೇ ಬರಬಹುದು ಎಂದರು. ಅಂಗಡಿಗೆ ಫೋನ್ ಮಾಡಿದರೆ, ಬಿದ್ದದ್ದಕ್ಕೆ ಖಾತರಿ ಇಲ್ಲವೆಂದು ಬಿಲ್ಲಿನ ಹಿಂದೆ ಅಚ್ಚಾಗಿದೆ ನೋಡಿ ಎಂದು ಮಾತು ಮುಗಿಸಿದರು.

ಹೀಗೇಕೆ ಆಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪೆಟ್ಟಿಗೆಯ ಮೇಲಿನ ಆ 8 ಕಿಲೋ ಎಂಬ ಸಂಖ್ಯೆಗೆ ಹೊಸಬರೆಲ್ಲ ಮೋಸಹೋಗುತ್ತಾರೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ನಡೆಯಬಹುದು. ಅದೇ ಕೊಡವನ್ನು ಮುಂದೆ ಚಾಚಿದ ಕೈಯಲ್ಲಿ ಹಿಡಿದು ಒಂದು ನಿಮಿಷ ನಿಲ್ಲುವುದೂ ಕಷ್ಟ. ತೂಕ ಎಷ್ಟು ಎಂಬುದರಷ್ಟೇ, ಅದು ಆಧಾರದಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಕ್ಯಾಮೆರಾದ ತಳವನ್ನು ಟ್ರೈಪಾಡಿಗೆ ಸಿಕ್ಕಿಸಿದಾಗ ಎರಡು ಕಿಲೋ ಲೆನ್ಸ್ ಪೂರ್ತಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಜೂಮ್ ಮಾಡಿದರೆ ಮುಂದಿನ ಗಾಜುಗಳು ಇನ್ನಷ್ಟು ಮುಂದಕ್ಕೆ ಹೋಗುತ್ತವೆ. ಆ ಎಳೆತವನ್ನೆಲ್ಲ ತಡೆಯಬೇಕಾದದ್ದು ಬಾಲ್ ಹೆಡ್‌ನೊಳಗಿನ ಒಂದು ಗುಂಡಿನ ಬಿಗಿತ. ಅದು ಜಾರಿತೆಂದರೆ ಭಾರ ಮೂರು ಕಾಲುಗಳ ನಡುವಿನಿಂದ ಆಚೆ ಹೋಗುತ್ತದೆ, ಹಗುರವಾದ ಟ್ರೈಪಾಡ್ ಮಗುಚುತ್ತದೆ. ಎಷ್ಟು ಹೊರುತ್ತದೆ ಎಂಬ ಲೆಕ್ಕವನ್ನು ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಹಾಕುತ್ತದೆ. ನೇರವಾಗಿ ಮೇಲಿನಿಂದ ಕೂರುವ ಭಾರಕ್ಕೆ ಹೇಳಿದ ಸಂಖ್ಯೆ ಹೀಗೆ ಮುಂದಕ್ಕೆ ವಾಲುವ ಭಾರಕ್ಕೆ ಅನ್ವಯಿಸುವುದಿಲ್ಲ.

ಕಾಲರ್ ಇದ್ದರೆ ಕಥೆಯೇ ಬೇರೆ. ಕಾಲನ್ನು ಟ್ರೈಪಾಡಿಗೆ ಕೂರಿಸಿದಾಗ ಹಿಂದೆ ಕ್ಯಾಮೆರಾ, ಮುಂದೆ ಲೆನ್ಸಿನ ಮೂತಿ, ಎರಡೂ ಸರಿದೂಗುತ್ತವೆ. ಮೌಂಟ್ ಉಂಗುರ ಹೊರಬೇಕಾದದ್ದು ಕ್ಯಾಮೆರಾದ ತೂಕವನ್ನು ಮಾತ್ರ. ಕಾಲರ್ ಇರುವ ಲೆನ್ಸ್ ಹಾಕಿದಾಗ ಟ್ರೈಪಾಡಿಗೆ ಅದನ್ನೇ ಬಳಸಿ ಎಂದು ತಯಾರಕರ ಕೈಪಿಡಿಗಳೇ ಹೇಳುತ್ತವೆ. ಈ ಬಗೆಯ ಹಲವು ಲೆನ್ಸ್‌ಗಳಲ್ಲಿ ಕಾಲರನ್ನೋ ಕಾಲನ್ನೋ ಬಿಚ್ಚಿ ಇಡಬಹುದು. ಕೈಯಲ್ಲೇ ಹಿಡಿದು ತೆಗೆಯುವವರು ಭಾರ ಇಳಿಸಲು ಬಿಚ್ಚುತ್ತಾರೆ, ಮನೆಯ ಯಾವುದೋ ಡಬ್ಬದಲ್ಲಿ ಅದು ಉಳಿಯುತ್ತದೆ, ಲೆನ್ಸ್ ಮಾತ್ರ ಮಾರಾಟಕ್ಕೆ ಬರುತ್ತದೆ.

ಕಾಲು ಇದ್ದರೂ ಅದರ ತಳ ನೋಡಿ. ಟ್ಯಾಮ್ರಾನ್ 150-600 ಜಿ2 ಲೆನ್ಸಿನ ಕಾಲಿಗೆ ಆರ್ಕಾ-ಸ್ವಿಸ್ ಮಾದರಿಯ (ಹಲವು ಹೆಡ್‌ಗಳ ಹಿಡಿಕೆಗೆ ಹೊಂದುವ) ತೋಡನ್ನು ಕಂಪನಿಯೇ ಕೊರೆದಿದೆ, ನೇರವಾಗಿ ಹೆಡ್‌ಗೆ ಜಾರಿಸಿ ಬಿಗಿ ಮಾಡಬಹುದು. ಸೋನಿ 200-600ರಲ್ಲಿ, ನಿಕಾನ್ ಝಡ್ 180-600ರಲ್ಲಿ ಅದಿಲ್ಲ, ಅಂಥ ತೋಡಿರುವ ಪ್ರತ್ಯೇಕ ಲೋಹದ ಪ್ಲೇಟನ್ನು ಕಾಲಿಗೆ ತಿರುಪಿನಿಂದ ಹಾಕಬೇಕು. ಆ ಪ್ಲೇಟ್ ಉದ್ದವಾಗಿರಲಿ. ಉದ್ದ ಪ್ಲೇಟನ್ನು ಹಿಂದೆ ಮುಂದೆ ಸರಿಸಿ ತೂಕ ಸರಿದೂಗುವ ಜಾಗ ಹುಡುಕಬಹುದು, ಚಿಕ್ಕದರಲ್ಲಿ ಅದಾಗುವುದಿಲ್ಲ. ಒಂದೇ ತಿರುಪಿನಲ್ಲಿ ನಿಂತ ಪ್ಲೇಟ್ ಕ್ರಮೇಣ ತಿರುಗಿ ಸಡಿಲಾಗುತ್ತದೆ. ಕಾಲಿನಲ್ಲಿ ಎರಡು ತೂತುಗಳಿದ್ದರೆ ಎರಡಕ್ಕೂ ತಿರುಪು ಹಾಕಿ.

ಹೆಡ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಇಷ್ಟು ಭಾರದ ಲೆನ್ಸಿಗೆ ಅಗ್ಗದ ಬಾಲ್ ಹೆಡ್ ಬೇಡವೇ ಬೇಡ. ಗಿಂಬಲ್ ಹೆಡ್‌ನಲ್ಲಿ ಲೆನ್ಸ್ ತೂಗುಹಾಕಿದಂತೆ ಕೂರುತ್ತದೆ. ಸರಿಯಾಗಿ ಸರಿದೂಗಿಸಿದರೆ ಕೈ ಬಿಟ್ಟಲ್ಲೇ ನಿಲ್ಲುತ್ತದೆ, ಹಾರುವ ಹಕ್ಕಿಯ ಹಿಂದೆ ಒಂದೇ ಬೆರಳಿನಲ್ಲಿ ತಿರುಗಿಸಬಹುದು. ಆದರೆ ಲೋಹದ ಗಿಂಬಲ್ ಹೆಡ್ ಒಂದೇ ಸಾಮಾನ್ಯವಾಗಿ ಕಿಲೋ ದಾಟುತ್ತದೆ, ಅದಕ್ಕೆ ತಕ್ಕ ದಪ್ಪ ಕಾಲಿನ ಟ್ರೈಪಾಡೂ ಬೇಕಾಗುತ್ತದೆ. ಲೆನ್ಸಿಗೆ ಮಾತ್ರ ಹಣ ಲೆಕ್ಕ ಹಾಕಿ ಇದನ್ನು ಬಿಟ್ಟರೆ ಲೆಕ್ಕ ಅರ್ಧವೇ ಆದಂತೆ. ಟ್ರೈಪಾಡ್ ನಿಲ್ಲಿಸುವಾಗ ಒಂದು ಕಾಲು ಲೆನ್ಸಿನ ಮೂತಿಯ ದಿಕ್ಕಿಗೇ ಇರಲಿ, ನಡುವಿನ ಕಂಬವನ್ನು ಎತ್ತಬೇಡಿ.

ನಮ್ಮ ಕಡೆ ಹೋಗುವ ಜಾಗಗಳಲ್ಲಿ ಟ್ರೈಪಾಡ್ ಎಲ್ಲೆಡೆ ಕೆಲಸಕ್ಕೂ ಬರುವುದಿಲ್ಲ. ರಂಗನತಿಟ್ಟಿನಲ್ಲಿ ದೋಣಿ ಅಲುಗಾಡುತ್ತಿರುವಾಗ ಟ್ರೈಪಾಡ್ ಹಾಕಿದರೆ ದೋಣಿಯ ಅಲುಗಾಟವೇ ಲೆನ್ಸಿಗೆ ಏರುತ್ತದೆ, ಕೈಯೇ ಅಲ್ಲಿ ಉತ್ತಮ ಆಧಾರ. ಕಬಿನಿ, ಬಂಡೀಪುರದ ಸಫಾರಿ ವಾಹನಗಳಲ್ಲಿ ಬೀನ್ ಬ್ಯಾಗ್ ಸಾಕು. ಖಾಲಿ ಚೀಲ ಒಯ್ದು ಅಲ್ಲೇ ಅಕ್ಕಿಯನ್ನೋ ಕಡಲೆಯನ್ನೋ ತುಂಬಿಕೊಂಡು ಕಂಬಿಯ ಮೇಲಿಟ್ಟರೆ ಲೆನ್ಸ್ ಅದರಲ್ಲಿ ಹೂತು ಕೂರುತ್ತದೆ. ಆದರೆ ಇಂಜಿನ್ ಆಫ್ ಮಾಡಿಸಿ, ಇಲ್ಲವಾದರೆ ಅದರ ನಡುಕ ಚಿತ್ರಕ್ಕೆ ಬರುತ್ತದೆ. ನಡೆದು ಹೋಗುವ ಕೆರೆದಂಡೆಗಳಿಗೆ ಒಂಟಿ ಕಾಲಿನ ಮಾನೋಪಾಡ್ ಹಗುರ. ಅದನ್ನೂ ಕಾಲರ್ ಕಾಲಿಗೇ ಸಿಕ್ಕಿಸಬೇಕು. ಹೆಗಲಿಗೆ ಹಾಕುವ ಪಟ್ಟಿಯೂ ಹಾಗೆಯೇ: ಕ್ಯಾಮೆರಾದ ಕೊಂಡಿಗಳಿಗೆ ಬೇಡ, ಲೆನ್ಸಿನ ಕಾಲಿಗೋ ಲೆನ್ಸಿನದೇ ಕೊಂಡಿಗಳಿಗೋ ಇರಲಿ.

ಇನ್ನೊಂದು ಮಾತು ಇದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ಮೊದಲ ಲೆನ್ಸಿಗೆ 600 ಮಿ.ಮೀ. ಬೇಕೇ ಬೇಕೆಂದಿಲ್ಲ. ಸಿಗ್ಮಾ 150-600 ಕಾಂಟೆಂಪರರಿ ಸುಮಾರು 1.9 ಕಿಲೋ, ಅದರದೇ ಸ್ಪೋರ್ಟ್ಸ್ ರೂಪದ ಹಳೆಯ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸ್ 2.8 ಕಿಲೋಗೂ ಹೆಚ್ಚು, ನಿಕಾನ್ 200-500 ಸುಮಾರು 2.3 ಕಿಲೋ. ಇವುಗಳ ಮುಂದೆ ಕ್ಯಾನನ್ ಆರ್‌ಎಫ್ 100-400 ಕೇವಲ 635 ಗ್ರಾಂ. ಬೆಳಕು ಕಡಿಮೆ ಇದ್ದಾಗ ಅದು ಸೋಲುತ್ತದೆ, ನಿಜ. ಆದರೆ ಹುಡುಗಿಯೊಬ್ಬಳು ಬೆಳಗಿನಿಂದ ಮಧ್ಯಾಹ್ನದವರೆಗೆ ಕೈಯಲ್ಲೇ ಹಿಡಿದು ತಿರುಗಬಹುದು, ಟ್ರೈಪಾಡ್‌ನ ಗೊಡವೆಯೇ ಇಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡುಗಳು ಮನೆಗಳ ಪಕ್ಕದ ಮರಗಳಲ್ಲೇ ಇರುತ್ತವೆ, ರಂಗನತಿಟ್ಟಿನ ದೋಣಿ ಬಣ್ಣದ ಕೊಕ್ಕರೆಗಳ ಹತ್ತಿರಕ್ಕೇ ಸಾಗುತ್ತದೆ. ಅಲ್ಲಿಗೆಲ್ಲ 300ರಿಂದ 400 ಮಿ.ಮೀ. ಸಾಲುತ್ತದೆ. ಬಿಸಿಲೇರಿದ ಮೇಲೆ ಕೆರೆಯಾಚೆಯ ಹಕ್ಕಿಯನ್ನು 600ರಲ್ಲಿ ತೆಗೆದರೂ ನೀರಿನ ಮೇಲಿನ ಬಿಸಿಗಾಳಿಯ ಅಲೆಗಳು ಚಿತ್ರವನ್ನು ಕಲಸಿಬಿಡುತ್ತವೆ, ಯಾವ ಟ್ರೈಪಾಡೂ ಅದನ್ನು ತಡೆಯುವುದಿಲ್ಲ.

ಭಾರದ ಲೆನ್ಸೇ ಬೇಕೆಂದು ತೀರ್ಮಾನಿಸಿದವರು, ಒಂದೆರಡು ದಿನ ಬಾಡಿಗೆಗೆ ತಂದು ಹೊತ್ತು ನೋಡಿ. ಬೆಂಗಳೂರಿನಂಥ ಊರುಗಳಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಆಮೇಲೂ ಬಳಸಿದ್ದನ್ನೇ ಕೊಳ್ಳುವುದಾದರೆ, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಚಿತ್ರವನ್ನು ಪೂರ್ತಿ ತೆರೆದ ಅಪರ್ಚರ್‌ನಲ್ಲಿ (ಲೆನ್ಸಿಗೆ ಬೆಳಕು ಬಿಡುವ ಕಿಂಡಿ) ನೇರವಾಗಿ ನಿಂತು ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದರೆ, ಒಂದು ಬದಿ ಮಾತ್ರ ಮಸುಕಾಗಿದ್ದಲ್ಲಿ ಆ ಲೆನ್ಸ್ ಹಿಂದೆ ಎಲ್ಲೋ ಬಿದ್ದಿರುವ ಸಾಧ್ಯತೆ ಹೆಚ್ಚು. ಕಾಲರ್ ಕಳೆದಿದ್ದರೆ ಅದೇ ಮಾದರಿಯ ಕಾಲರ್ ತರಿಸಿಕೊಟ್ಟ ಮೇಲೆ ಹಣ ಕೊಡುತ್ತೇವೆ ಎನ್ನಿ. ಮೂತಿ ಕೆಳಗೆ ಮಾಡಿದಾಗ ಜೂಮ್ ತಾನಾಗಿ ಜಾರದಂತೆ ತಡೆಯುವ ಲಾಕ್ ಕೆಲಸ ಮಾಡುತ್ತಿದೆಯೇ ನೋಡಿ. ಕೊನೆಗೆ ನಿಮ್ಮ ಕ್ಯಾಮೆರಾ ಹಾಕಿ, ಅವರು ಕೊಡುವ ಟ್ರೈಪಾಡಿನ ಮೇಲೆಯೇ ಕೂರಿಸಿ, ಜೂಮನ್ನು ಪೂರ್ತಿ ಚಾಚಿ, ಕೆಳಗೊಂದು ದಿಂಬಿಟ್ಟು, ಅಂಗಡಿಯವರೇ ಕೈ ಬಿಡಲಿ. ಬಿಡಲು ಅವರು ಹಿಂಜರಿದರೆ ಎದ್ದು ಬನ್ನಿ.