ಗುರೈಧೂ ಕಾಲುವೆಯ ಚುಕ್ಕೆ ತೊರಕೆಗಳು: ಅರ್ಧ ದಿನದ ಸ್ನಾರ್ಕೆಲಿಂಗ್ ಪ್ರವಾಸದ ವಿಮರ್ಶೆ

ಮಲ್ಪೆ ಬಂದರಿನ ದಕ್ಕೆಯಲ್ಲಿ ರಾಶಿ ಬಿದ್ದ ತೊರಕೆಗಳನ್ನು (ಚಪ್ಪಟೆ ಮೈಯ ರೇ ಮೀನುಗಳನ್ನು) ಚಿಕ್ಕಂದಿನಿಂದ ನೋಡುತ್ತ ಬಂದ ನನಗೆ, ಅವುಗಳ ಬಳಗದ ಸ್ಪಾಟೆಡ್ ಈಗಲ್ ರೇ ನೀರಿನಲ್ಲಿ ರೆಕ್ಕೆ ಬಡಿಯುವುದನ್ನು ಒಮ್ಮೆಯಾದರೂ ಕಾಣಬೇಕೆಂಬ ಆಸೆಯಿತ್ತು. ಮಾಲ್ಡೀವ್ಸ್‌ನ ಮಾಫುಶಿ ದ್ವೀಪದಲ್ಲಿ ತಂಗಿದ್ದಾಗ ಅತಿಥಿಗೃಹವೊಂದು ನಡೆಸುವ ಪ್ರವಾಸ ಅದನ್ನು ಈಡೇರಿಸಿತು.

ಈ ಸೇವೆಯ ದೊಡ್ಡ ಗುಣ ತಾಳ್ಮೆ. ಹೊರಗಡಲಿನ ನೀರು ಹವಳದಿಬ್ಬಗಳ ನಡುವಿನ ಗುರೈಧೂ ಕಾಲುವೆಯೊಳಕ್ಕೆ ನುಗ್ಗುವ ಹೊತ್ತಿನಲ್ಲಿ ಈ ಮೀನುಗಳು ಸೆಳೆತಕ್ಕೆ ಮುಖ ಕೊಟ್ಟು ಈಜುವುದನ್ನು ಬಲ್ಲ ಮಾರ್ಗದರ್ಶಿ, ಭರತದ ಲೆಕ್ಕ ನೋಡಿಯೇ ದೋಣಿ ಬಿಟ್ಟರು. ಸೆಳೆತ ಕಡಿಮೆಯಿದ್ದ ಬದಿಯಲ್ಲಿ ಒಂಬತ್ತು ಜನರೂ ಹಗ್ಗ ಹಿಡಿದು ತೇಲುತ್ತಿರಬೇಕು, ಯಾರೂ ಮೀನಿನ ಬೆನ್ನಟ್ಟಬಾರದು, ಅದರ ಮೇಲಕ್ಕೆ ಮುಳುಗಬಾರದು ಎಂದರು. ಮೀನಿನ ತುಂಡು ಎಸೆದು ಕರೆಯುವ ಚಾಳಿ ಇಲ್ಲಿರಲಿಲ್ಲ. ಇಪ್ಪತ್ತು ನಿಮಿಷ ಬರಿಯ ನೀಲಿ. ಆಮೇಲೆ ಐದು ಬಂದವು: ಕಡುಬಣ್ಣದ ಬೆನ್ನಿನ ತುಂಬ ಬಿಳಿ ಚುಕ್ಕೆ, ಬಾತುಕೋಳಿಯ ಕೊಕ್ಕಿನಂಥ ಮೂತಿ, ಮೈಗಿಂತ ಎಷ್ಟೋ ಉದ್ದದ ಚಾಟಿಬಾಲ. ಒಂದು ಮರಳಿಗಿಳಿದು ಮೂತಿಯಿಂದ ಕೆದಕಿತು. ಕಪ್ಪೆಚಿಪ್ಪನ್ನೂ ಏಡಿಯನ್ನೂ ಅರೆಯಲು ಇದಕ್ಕೆ ಚಪ್ಪಟೆ ಹಲಗೆಯಂಥ ಹಲ್ಲುಗಳಿವೆ.

ಬಾಡಿಗೆಯ ಮಾಸ್ಕ್‌ಗಳಲ್ಲಿ ಎರಡು ಸೋರುತ್ತಿದ್ದವು. ಅದಕ್ಕಿಂತ ನನ್ನನ್ನು ಕಾಡಿದ್ದು ದೋಣಿಯ ಮಾಹಿತಿ ಫಲಕ. ಅದರಲ್ಲಿ ಈ ಮೀನಿನ ವೈಜ್ಞಾನಿಕ ಹೆಸರು 'ಏಟೊಬ್ಯಾಟಸ್ ನರಿನಾರಿ' ಎಂದು ಬರೆದಿತ್ತು. ಅದು 1790ರಲ್ಲಿ ಹೆಸರು ಪಡೆದ, ಅಟ್ಲಾಂಟಿಕ್ ಸಾಗರದ ಜಾತಿ. ಹಿಂದೂ ಮಹಾಸಾಗರದ್ದು 'ಏಟೊಬ್ಯಾಟಸ್ ಒಸೆಲೇಟಸ್' ಎಂಬ ಬೇರೆಯೇ ಜಾತಿಯೆಂದು 2010ರಲ್ಲಿ ಸ್ಪಷ್ಟಪಡಿಸಲಾಯಿತು. ಒಂದೇ ಹೆಸರಿನಡಿ ಎರಡನ್ನೂ ಎಣಿಸುತ್ತಿದ್ದಾಗ ಒಂದು ಕಡಲಿನ ಕುಸಿತ ಇನ್ನೊಂದರ ಸಂಖ್ಯೆಯಲ್ಲಿ ಮರೆಯಾಗಬಹುದಿತ್ತು. ಬೇರ್ಪಡಿಸಿದ ಮೇಲೆಯೇ ಅಟ್ಲಾಂಟಿಕ್‌ನ ಜಾತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಳಿವಿನಂಚಿನಲ್ಲಿರುವುದೆಂದು ಗುರುತಿಸಿದೆ. ಹಾಗಾಗಿ ಇದು ಬರಿಯ ಅಕ್ಷರದೋಷವಲ್ಲ. ತಿಳಿಸಿದಾಗ ಮಾರ್ಗದರ್ಶಿ ಸರಿಯಾದ ಹೆಸರನ್ನು ಬರೆದುಕೊಂಡರು.

ಮಾಲ್ಡೀವ್ಸ್ 2014ರಲ್ಲಿ ತನ್ನ ಕಡಲಿನ ಎಲ್ಲ ರೇ ಮೀನುಗಳಿಗೂ ರಕ್ಷಣೆ ಕೊಟ್ಟಿತು. ಒಂದು ಸೂಲಿಗೆ ಕೆಲವೇ ಮರಿಗಳನ್ನು ಹಾಕುವ ಈ ಮೀನಿಗೆ ಅದು ಬದುಕಿನ ಆಧಾರ. ನಮ್ಮ ಕರಾವಳಿಯಲ್ಲೂ ಇರುವ ಇದೇ ಜಾತಿ ಟ್ರಾಲ್ ಬಲೆಗೂ ಬೀಡುಬಲೆಗೂ ಸಿಗುತ್ತಲೇ ಇದೆಯೆಂಬುದನ್ನು ಆ ನೀರಿನಲ್ಲಿ ತೇಲುತ್ತಿದ್ದಾಗಲೂ ಮರೆಯಲಾಗಲಿಲ್ಲ.

ಈ ಪ್ರವಾಸ ಇನ್ನೊಂದು ಅವಕಾಶವನ್ನು ಕೈಬಿಡುತ್ತಿದೆ. ಮಾಂಟಾ ರೇಗಳನ್ನು ಹೊಟ್ಟೆಯ ಕಲೆಗಳಿಂದ ಗುರುತಿಸುತ್ತಾರೆ, ಅದಕ್ಕೆ ಅವುಗಳ ಕೆಳಗಿರಬೇಕು; ಇವುಗಳ ಗುರುತಾದರೋ ಬೆನ್ನಿನ ಚುಕ್ಕೆಗಳಲ್ಲೇ ಇದೆ, ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ಮೇಲೆ ತೇಲುವ ಸಾಮಾನ್ಯ ಪ್ರವಾಸಿ ತೆಗೆದ ಚಿತ್ರವೂ ದಿನಾಂಕ, ಸ್ಥಳಗಳೊಂದಿಗೆ ಸೇರಿದರೆ ಸಂಶೋಧಕರಿಗೆ ಉಪಯುಕ್ತ ದಾಖಲೆಯಾಗುತ್ತದೆ. ಅತಿಥಿಗಳಿಂದ ಚಿತ್ರ ಕೇಳಿ ಪಡೆಯುವ ಪದ್ಧತಿ ಇಲ್ಲಿಲ್ಲ. ನನ್ನ ನಾಲ್ಕು ಚಿತ್ರಗಳನ್ನು ಕೊಟ್ಟು ಬಂದಿದ್ದೇನೆ. ಈಜು ಚೆನ್ನಾಗಿ ಬಲ್ಲವರು ಖಂಡಿತ ಹೋಗಿ. ಮಾಸ್ಕ್ ನಿಮ್ಮದೇ ಇರಲಿ.