ಅಲರ್ಜಿ ಪರೀಕ್ಷೆ: ಚರ್ಮದ್ದಾ, ರಕ್ತದ್ದಾ, ಪ್ಯಾಚಾ?

ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಗೋಡೆಗೆ ಬೂಷ್ಟು. ಜೊತೆಗೆ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ. ಸೀನು, ಉಬ್ಬಸ ಬಿಡದಿದ್ದರೆ ಯಾವ ಪರೀಕ್ಷೆ ಮಾಡಿಸಬೇಕು?

ಇಂಥ ತೊಂದರೆಗೆ ಸ್ಕಿನ್ ಪ್ರಿಕ್ ಪರೀಕ್ಷೆಯೇ ಮೊದಲು ಎನ್ನುತ್ತೇನೆ. ಮುಂಗೈ ಮೇಲೆ ಧೂಳುಹುಳ, ಬೂಷ್ಟಿನಂಥ ಅಲರ್ಜಿ ತರುವ ವಸ್ತುಗಳ ಬೇರೆ ಬೇರೆ ದ್ರಾವಣದ ಹನಿ ಇಟ್ಟು ಮೆಲ್ಲಗೆ ಚುಚ್ಚುತ್ತಾರೆ. ನೋವು ಕಮ್ಮಿ. 15-20 ನಿಮಿಷದಲ್ಲಿ ಫಲಿತಾಂಶ ನಿಮ್ಮ ಕಣ್ಣೆದುರೇ ಇರುತ್ತದೆ. ಸಾಮಾನ್ಯವಾಗಿ 3 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ದದ್ದು ಎದ್ದರೆ ಪಾಸಿಟಿವ್. ಆದರೆ ಸೆಟ್ರಿಜಿನ್ ಥರದ ಅಲರ್ಜಿ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು, ಡಾಕ್ಟರನ್ನು ಕೇಳಿಯೇ. ಉಬ್ಬಸ ಹತೋಟಿಯಲ್ಲಿ ಇಲ್ಲದಿದ್ದರೆ ಈ ಪರೀಕ್ಷೆ ಬೇಡ.

ಮಾತ್ರೆ ಬಿಡಲು ಆಗದವರಿಗೆ, ಮೈತುಂಬ ಇಸುಬು ಇರುವವರಿಗೆ ರಕ್ತ ಪರೀಕ್ಷೆ ಒಳ್ಳೆಯದು. ರಿಪೋರ್ಟಿಗೆ ಕೆಲವು ದಿನ ಕಾಯಬೇಕು, ಖರ್ಚೂ ಸಾಮಾನ್ಯವಾಗಿ ಜಾಸ್ತಿ. ಒಂದು ಮಾತು: ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ, ರಕ್ತದಲ್ಲಿರುವ ಪ್ರತಿಕಾಯ) ಮಾತ್ರ ನೋಡಿದರೆ ಯಾವುದರ ಅಲರ್ಜಿ ಅಂತ ಗೊತ್ತಾಗುವುದಿಲ್ಲ. ಒಂದೊಂದು ವಸ್ತುವಿಗೂ ಬೇರೆಯಾಗಿ ನೋಡುವ ಸ್ಪೆಸಿಫಿಕ್ ಐಜಿಇ ಅಂತಲೇ ಕೇಳಿ.

ಪ್ಯಾಚ್ ಪರೀಕ್ಷೆಯ ದಾರಿಯೇ ಬೇರೆ. ಸಿಮೆಂಟ್ ಮುಟ್ಟಿ ಕೈ ಒಡೆಯುವ ಗಾರೆ ಕೆಲಸದವರಿಗೆ, ಹೇರ್ ಡೈ ಹಚ್ಚಿ ತುರಿಕೆ ಬರುವವರಿಗೆ ಇದು. ಅನುಮಾನದ ವಸ್ತು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿ 48 ಗಂಟೆ ಇರಬೇಕು, ನೀರು ತಾಗಬಾರದು. ಆಮೇಲೂ ಮತ್ತೊಮ್ಮೆ ತೋರಿಸಬೇಕು.

ಪಾಸಿಟಿವ್ ಬಂತೆಂದು ಸುಮ್ನೆ ಹಾಲು, ಮೊಟ್ಟೆ ಬಿಡಬೇಡಿ, ಅದರಲ್ಲೂ ಮಕ್ಕಳಿಗೆ. ತಿಂದಾಗ ತೊಂದರೆ ಆಗುತ್ತಾ ಅನ್ನುವುದೂ ಅಷ್ಟೇ ಮುಖ್ಯ, ಅಲ್ವಾ? ನೂರಾರು ಆಹಾರಕ್ಕೆ ಐಜಿಜಿ ಎಂಬ ಬೇರೊಂದು ಪ್ರತಿಕಾಯ ನೋಡುವ ಪ್ಯಾಕೇಜಿಗಂತೂ ದುಡ್ಡು ಹಾಕಬೇಡಿ. ಅದು ಅಲರ್ಜಿ ತೋರಿಸುವುದಿಲ್ಲ.